ಮಂಜು ಮತ್ತು ಮೋಟಾರಿನ ದೀಪ

ಬೀದರ ಜಿಲ್ಲೆಯ ಬಸವಕಲ್ಯಾಣದ ಬಳಿ ನಾರಾಯಣಪುರವೆಂಬ ಊರಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಿವಾಲಯವೊಂದು ಅಲ್ಲಿರುವುದರಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಊರಿನ ಪರಿಚಯವುಂಟು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೂ ಇಲ್ಲಿ ಕಲಿಯತಕ್ಕ ಪಾಠವೊಂದಿದೆ. ಅದು ಕಲ್ಲಿನಲ್ಲಿ ಕೆತ್ತಿದುದಲ್ಲ. ಚಳಿಗಾಲದ ಬೆಳಗಿನಲ್ಲಿ ಗಾಳಿಯಲ್ಲಿ ತೇಲುವಂಥದು. ಡಿಸೆಂಬರ್ ಮತ್ತು ಜನವರಿ ತಿಂಗಳುಗಳ ಕೆಲವು ಮುಂಜಾವುಗಳಲ್ಲಿ ಈ ಸೀಮೆಯ ಹೊಲಗಳ ಮೇಲೆ, ಕೆರೆಯಂಗಳಗಳ ಮೇಲೆ, ಮುಲ್ಲಾಮಾರಿ ಹೊಳೆಯ ತಗ್ಗಿನಲ್ಲಿ ಮಂಜು ಕವಿಯುತ್ತದೆ. ಐವತ್ತು ಹೆಜ್ಜೆ ಮುಂದಿರುವ ಬೇವಿನ ಮರವೂ ಆಗ ಕಣ್ಣಿಗೆ ಬೀಳುವುದಿಲ್ಲ.

ನಡೆದು ಹೋಗುವವನಿಗೆ ಇದರಿಂದ ಹೆಚ್ಚಿನ ತೊಂದರೆಯಿಲ್ಲ. ಆದರೆ ಪುಣೆ, ಸೊಲ್ಲಾಪುರಗಳಿಂದ ಹೈದರಾಬಾದಿಗೆ ಹೋಗುವ 65ನೆಯ ರಾಷ್ಟ್ರೀಯ ಹೆದ್ದಾರಿ ಇದೇ ಸೀಮೆಯನ್ನು ಹಾದು ಹುಮನಾಬಾದಿನ ಮೂಲಕ ಸಾಗುತ್ತದೆ. ಬೀದರದಿಂದ ಕಲಬುರಗಿಗೆ ಹೋಗುವ 50ನೆಯ ಹೆದ್ದಾರಿ ಹುಮನಾಬಾದಿನಲ್ಲಿ ಅದನ್ನು ಸಂಧಿಸುತ್ತದೆ. ಹಗಲಿರುಳೆನ್ನದೆ ಲಾರಿಗಳು ಓಡುವ ಈ ದಾರಿಗಳ ಮೇಲೆ ಮಂಜಿನ ಕಾಲದಲ್ಲಿಯೇ ಕಬ್ಬು ತುಂಬಿದ ಟ್ರ್ಯಾಕ್ಟರುಗಳೂ ಸಾಗುತ್ತವೆ. ಬೆಳಗಿನ ಶಾಲೆ ಕಾಲೇಜುಗಳಿಗೆ ಮಕ್ಕಳನ್ನು ಒಯ್ಯುವ ಬಸ್ಸುಗಳೂ ಹೊರಡುತ್ತವೆ. ಇಂಥ ಹೊತ್ತಿನಲ್ಲಿ ವಾಹನದ ಯಾವ ದೀಪವನ್ನು ಹೊತ್ತಿಸಬೇಕು, ಯಾವುದನ್ನು ಆರಿಸಬೇಕು ಎಂಬುದು ಕೇವಲ ಚಾಲಕರ ಅಭ್ಯಾಸಕ್ಕೆ ಬಿಟ್ಟ ವಿಷಯವಲ್ಲ. ಅದರ ಹಿಂದೆ ಖಚಿತವಾದ ಭೌತಶಾಸ್ತ್ರವಿದೆ. ಅದನ್ನು ಅರಿಯದಿದ್ದರೆ ತೆರಬೇಕಾದ ಬೆಲೆ ಮನುಷ್ಯರ ಪ್ರಾಣ.

ಮಂಜು ಹುಟ್ಟುವ ಬಗೆ

ಗಾಳಿಯಲ್ಲಿ ಸದಾ ನೀರಿನ ಆವಿ ಇರುತ್ತದೆ. ಆದರೆ ಆವಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಉಷ್ಣತೆಯನ್ನು ಅವಲಂಬಿಸಿದೆ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು 17 ಗ್ರಾಂ ಆವಿ ಇರಬಲ್ಲದು. 10 ಡಿಗ್ರಿಯಲ್ಲಿ ಕೇವಲ 9.4 ಗ್ರಾಂ. ಒಂದು ಸಂಜೆ ಗಾಳಿಯ ಉಷ್ಣತೆ 20 ಡಿಗ್ರಿ ಇದ್ದು, ಪ್ರತಿ ಘನಮೀಟರಿನಲ್ಲಿ 10.7 ಗ್ರಾಂ ಆವಿ ಇದೆಯೆಂದು ಇಟ್ಟುಕೊಳ್ಳೋಣ. ಇರುಳು ಕಳೆದಂತೆ ಗಾಳಿ ತಂಪಾಗಿ 12 ಡಿಗ್ರಿಗೆ ಬಂದಾಗ ಅದು ಸಂತೃಪ್ತವಾಗುತ್ತದೆ. ಇದೇ ಆ ಗಾಳಿಯ ತುಷಾರಬಿಂದು. ಅಲ್ಲಿಂದ ಅರ್ಧ ಡಿಗ್ರಿ ಇಳಿದರೂ ಸಾಕು, ಸುಮಾರು 0.4 ಗ್ರಾಂ ಆವಿ ಹೆಚ್ಚಾಗಿ ಉಳಿದು, ಧೂಳು, ಹೊಗೆ, ಲವಣ ಇವುಗಳ ಸೂಕ್ಷ್ಮ ಕಣಗಳನ್ನು ಆಶ್ರಯಿಸಿ ಹನಿಗಟ್ಟುತ್ತದೆ.

ಗಾಳಿಯನ್ನು ಹೀಗೆ ತಂಪಾಗಿಸುವುದು ನೆಲ. ಮೋಡವಿಲ್ಲದ ದೀರ್ಘ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ವಿಕಿರಣ ರೂಪದಲ್ಲಿ ಆಕಾಶಕ್ಕೆ ಕಳೆದುಕೊಳ್ಳುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಗಾಳಿ ಬಲವಾಗಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರೊಡನೆ ಬೆರೆತು ಮಂಜಿಗೆ ಅವಕಾಶವಾಗದು. ನಿರ್ಮಲ ಆಕಾಶ, ಮಂದವಾದ ಗಾಳಿ, ತೇವವುಳ್ಳ ನೆಲ ಇವು ಮೂರೂ ಕೂಡಿದಾಗಲೇ ವಿಕಿರಣ ಮಂಜು ಹುಟ್ಟುತ್ತದೆ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಬಸವಕಲ್ಯಾಣ, ಹುಮನಾಬಾದುಗಳ ಬಯಲಿಗೆ ಚಳಿಗಾಲದಲ್ಲಿ ಈ ಮೂರೂ ಒದಗುವುದುಂಟು. ತಣ್ಣನೆಯ ಗಾಳಿ ಭಾರವಾದುದರಿಂದ ತಗ್ಗಿಗೆ ಹರಿದು ನಿಲ್ಲುತ್ತದೆ. ಆದುದರಿಂದಲೇ ದಿಬ್ಬದ ಮೇಲೆ ದಾರಿ ನಿಚ್ಚಳವಾಗಿದ್ದು, ಹಳ್ಳದ ಸೇತುವೆಯ ಬಳಿ ಇಳಿಯುತ್ತಿದ್ದಂತೆಯೇ ಮಂಜು ಹಠಾತ್ತಾಗಿ ಎದುರಾಗುತ್ತದೆ.

ಮಡಿಕೇರಿ, ಆಗುಂಬೆ, ಚಾರ್ಮಾಡಿ ಘಟ್ಟಗಳಲ್ಲಿ ಕಾಣುವ ಮಂಜಿನ ಹುಟ್ಟು ಬೇರೆ. ಅಲ್ಲಿ ತೇವದ ಗಾಳಿ ಬೆಟ್ಟವನ್ನು ಏರುತ್ತ ಹಿಗ್ಗಿ ತಂಪಾಗುತ್ತದೆ. ವಸ್ತುತಃ ಅದು ಬೆಟ್ಟದ ಮೇಲೆ ಕುಳಿತ ಮೋಡ. ಗಾಳಿ ಬೀಸಿದರೂ ಚದುರಲಾರದು, ಮಧ್ಯಾಹ್ನದಲ್ಲಿಯೂ ಇರಬಲ್ಲದು. ಬಯಲಿನ ಮಂಜಾದರೋ ಬಿಸಿಲೇರಿದಂತೆ ಕರಗುತ್ತದೆ. ಆದರೆ ಸೂರ್ಯೋದಯವಾದ ಕೂಡಲೆ ಅದು ಹಗುರಾಗುವುದೆಂದು ನಂಬಬಾರದು. ಮೊದಲ ಬಿಸಿಲಿನಿಂದ ಗಾಳಿ ಅಲುಗಿ ತೇವವು ಬೆರೆಯುವುದರಿಂದ ಸ್ವಲ್ಪ ಹೊತ್ತು ಮಂಜು ಇನ್ನಷ್ಟು ದಟ್ಟವಾಗುವುದುಂಟು. ಶಾಲೆಯ ಬಸ್ಸುಗಳು ಹೊರಡುವುದು ಅದೇ ಹೊತ್ತಿಗೆ.

ಒಂದು ಚಮಚ ನೀರಿನ ಮಹಿಮೆ

ದೃಶ್ಯದೂರವು, ಅಂದರೆ ವಸ್ತುಗಳು ಕಣ್ಣಿಗೆ ಗುರುತಾಗುವ ಅತ್ಯಧಿಕ ದೂರವು, 1000 ಮೀಟರಿಗಿಂತ ಕಡಿಮೆಯಾದಾಗ ಹವಾಮಾನ ಶಾಸ್ತ್ರಜ್ಞರು ಅದನ್ನು ಮಂಜೆಂದು ಕರೆಯುತ್ತಾರೆ. ನಾವೀಗ ದಟ್ಟವಾದ ಒಂದು ಮಂಜನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪ್ರತಿ ಘನ ಸೆಂಟಿಮೀಟರಿನಲ್ಲಿ 100 ಹನಿಗಳು, ಪ್ರತಿಯೊಂದು ಹನಿಯ ತ್ರಿಜ್ಯ 10 ಮೈಕ್ರೊಮೀಟರ್, ಎಂದರೆ ಮಿಲಿಮೀಟರಿನ ನೂರನೆಯ ಒಂದು ಭಾಗ. ಒಂದು ಘನಮೀಟರಿನಲ್ಲಿ ಹತ್ತು ಕೋಟಿ ಹನಿಗಳಾದುವು. ಇವೆಲ್ಲವನ್ನೂ ಕೂಡಿಸಿದರೆ ಸಿಕ್ಕುವ ನೀರು ಸುಮಾರು 0.42 ಗ್ರಾಂ ಮಾತ್ರ. ಅಂದರೆ 5 ಗ್ರಾಂ ಹಿಡಿಯುವ ಚಹಾ ಚಮಚದ ನೀರು 12 ಘನಮೀಟರಿನ ಒಂದು ಸಣ್ಣ ಕೋಣೆಯನ್ನು ಮಂಜಿನಿಂದ ತುಂಬಲು ಸಾಕು.

ಇಷ್ಟು ಅಲ್ಪ ನೀರು ದಾರಿಯನ್ನು ಮರೆಮಾಡುವುದು ಹೇಗೆ? ನೀರಿನ ಮೊತ್ತವನ್ನಲ್ಲ, ಹನಿಗಳ ಅಡ್ಡಕೊಯ್ತದ ವಿಸ್ತೀರ್ಣವನ್ನು ನೋಡಬೇಕು. ಹತ್ತು ಕೋಟಿ ಹನಿಗಳ ಅಡ್ಡಕೊಯ್ತಗಳನ್ನು ಕೂಡಿಸಿದರೆ 314 ಚದರ ಸೆಂಟಿಮೀಟರ್ ಆಗುತ್ತದೆ. ಬೆಳಕಿನ ಅಲೆಗಳು ಹನಿಯ ಅಂಚಿನಲ್ಲಿ ಬಾಗುವುದರಿಂದ ಹನಿಯು ತನ್ನ ವಿಸ್ತೀರ್ಣದ ಎರಡರಷ್ಟು ಬೆಳಕನ್ನು ದಾರಿ ತಪ್ಪಿಸುತ್ತದೆ. ಹೀಗೆ 628 ಚದರ ಸೆಂಟಿಮೀಟರ್ ಆಯಿತು. ಒಂದು ಚದರ ಮೀಟರಿನಲ್ಲಿ 10,000 ಚದರ ಸೆಂಟಿಮೀಟರುಗಳಿರುವುದರಿಂದ, ಈ ಮಂಜಿನಲ್ಲಿ ಬೆಳಕಿನ ಕಿರಣವು ಪ್ರತಿ ಮೀಟರಿಗೂ ನೂರರಲ್ಲಿ ಸುಮಾರು 6 ಪಾಲು ನಷ್ಟವಾಗುತ್ತ ಸಾಗುತ್ತದೆ. ಈ 0.06 ಎಂಬ ಸಂಖ್ಯೆಯನ್ನು ಮಂಜಿನ ಕ್ಷಯಾಂಕವೆಂದು ಕರೆಯೋಣ. ಕಿರಣವು ನೂರರಲ್ಲಿ ಐದು ಪಾಲಿಗೆ ಇಳಿಯುವ ದೂರವನ್ನೇ ದೃಶ್ಯದೂರವೆಂದು ಅಂತರರಾಷ್ಟ್ರೀಯವಾಗಿ ಒಪ್ಪಲಾಗಿದೆ. 3ನ್ನು ಕ್ಷಯಾಂಕದಿಂದ ಭಾಗಿಸಿದರೆ ಅದು ಸಿಕ್ಕುತ್ತದೆ. ನಮ್ಮ ಮಂಜಿನಲ್ಲಿ ಅದು 50 ಮೀಟರ್.

ಇದೇ 0.42 ಗ್ರಾಂ ನೀರು 1 ಮಿಲಿಮೀಟರ್ ತ್ರಿಜ್ಯದ ಮಳೆಹನಿಗಳಾಗಿ ಬಿದ್ದರೆ ಕೇವಲ 100 ಹನಿಗಳಾಗುತ್ತವೆ. ಅವುಗಳ ಅಡ್ಡಕೊಯ್ತ 3 ಚದರ ಸೆಂಟಿಮೀಟರಿಗೆ ತುಸು ಹೆಚ್ಚು. ಮಳೆಯಲ್ಲಿ ದಾರಿ ಕಾಣುವುದೂ ಮಂಜಿನಲ್ಲಿ ಕಾಣದಿರುವುದೂ ಇದರಿಂದ ಸ್ಪಷ್ಟವಾಗುತ್ತದೆ. ನೀರು ಒಂದೇ, ಹನಿ ಸಣ್ಣದಾದಷ್ಟೂ ತೆರೆ ದಟ್ಟ. ಹೊಗೆ, ಧೂಳು ಹೆಚ್ಚಿದ ಊರುಗಳಲ್ಲಿ ಹನಿಗಟ್ಟುವ ಕಣಗಳು ಅಧಿಕವಾಗಿ, ಅದೇ ನೀರು ಹೆಚ್ಚು ಸಣ್ಣ ಹನಿಗಳಾಗಿ ಹಂಚಿಹೋಗುತ್ತದೆ. ಅಲ್ಲಿಯ ಮಂಜು ಇನ್ನಷ್ಟು ಕುರುಡಾಗಿಸುವಂಥದು.

ಬೆಳಕೇ ತೆರೆಯಾಗುವುದು

ದಾರಿ ಕಾಣದಿದ್ದಾಗ ಹೆಚ್ಚು ಬೆಳಕನ್ನು ಹಾಕುವುದು ಸಹಜವಾದ ಪ್ರವೃತ್ತಿ. ಚಾಲಕನು ಹೆಡ್‌ಲೈಟನ್ನು ಪೂರ್ಣ ಎತ್ತರಕ್ಕೆ ಹೊತ್ತಿಸುತ್ತಾನೆ. ಒಡನೆಯೇ ಕಣ್ಣೆದುರು ಬಿಳಿಯ ಗೋಡೆಯೊಂದು ಏಳುತ್ತದೆ. ಇದೇಕೆಂದು ವಿಚಾರಿಸೋಣ.

ಕತ್ತಲಲ್ಲಿ ಎದುರಿಗೆ ನಿಂತ ಎತ್ತಿನ ಗಾಡಿಯೊಂದು ನಮಗೆ ಕಾಣಬೇಕಾದರೆ ದೀಪದ ಬೆಳಕು ಅಲ್ಲಿಯವರೆಗೆ ಹೋಗಬೇಕು, ಅಲ್ಲಿಂದ ತಿರುಗಿ ಕಣ್ಣಿಗೆ ಬರಬೇಕು. ಎರಡು ಬಾರಿ ಮಂಜನ್ನು ದಾಟಬೇಕು. ನಮ್ಮ ಮಂಜಿನಲ್ಲಿ, ಗಾಡಿ 10 ಮೀಟರ್ ದೂರದಲ್ಲಿದ್ದರೆ ಹೋಗಿ ಬರುವಷ್ಟರಲ್ಲಿ ನೂರರಲ್ಲಿ 30 ಪಾಲು ಬೆಳಕು ಉಳಿಯುತ್ತದೆ. 20 ಮೀಟರಿಗೆ 9 ಪಾಲು. 40 ಮೀಟರಿಗೆ ಒಂದು ಪಾಲಿಗಿಂತಲೂ ಕಡಿಮೆ. 60 ಮೀಟರಿಗೆ ಹತ್ತು ಸಾವಿರದಲ್ಲಿ ಸುಮಾರು 7 ಪಾಲು ಮಾತ್ರ. ದೂರದಿಂದಾಗಿ ಕಿರಣ ಹರಡಿಕೊಂಡು ದುರ್ಬಲವಾಗುವುದು ಇದರ ಮೇಲೆ ಬೇರೆ.

ಇತ್ತ, ದೀಪದ ಎದುರಿಗಿರುವ ಹನಿಗಳು ಬೆಳಕನ್ನು ಚದರಿಸುತ್ತವೆ. ಅದರ ಬಹುಭಾಗ ಮುಂದಕ್ಕೇ ಹೋಗುವುದು ನಿಜ. ಹಿಂದಕ್ಕೆ ಬರುವುದು ಅಲ್ಪಾಂಶ. ಆದರೆ ಹೀಗೆ ಹಿಂದಿರುಗುವ ಬೆಳಕಿಗೆ ಕೆಲವೇ ಮೀಟರುಗಳ ಪಯಣ. ಗಾಡಿಯಿಂದ ಬಂದ ಕ್ಷೀಣ ಬೆಳಕಿನ ಮೇಲೆ ಇದು ಪ್ರಕಾಶಮಾನವಾದ ತೆರೆಯಾಗಿ ಹರಡುತ್ತದೆ. ಕಣ್ಣು ವಸ್ತುವನ್ನು ಗುರುತಿಸುವುದು ಬೆಳಕಿನ ಮೊತ್ತದಿಂದಲ್ಲ, ವಸ್ತುವಿಗೂ ಅದರ ಹಿನ್ನೆಲೆಗೂ ಇರುವ ವ್ಯತ್ಯಾಸದಿಂದ. ದೀಪದ ಶಕ್ತಿಯನ್ನು ಇಮ್ಮಡಿಸಿದರೆ ಗಾಡಿಯಿಂದ ಬರುವ ಬೆಳಕೂ ಇಮ್ಮಡಿ, ತೆರೆಯ ಬೆಳಕೂ ಇಮ್ಮಡಿ. ಅನುಪಾತ ಇದ್ದಲ್ಲೇ ಇರುತ್ತದೆ; ಕಣ್ಣು ಮಾತ್ರ ಇನ್ನಷ್ಟು ಕೋರೈಸುತ್ತದೆ. ಆದುದರಿಂದ ಮಂಜಿನಲ್ಲಿ ಕೇಳಬೇಕಾದ ಪ್ರಶ್ನೆ ‘ಎಷ್ಟು ಬೆಳಕು’ ಎಂಬುದಲ್ಲ, ‘ಬೆಳಕು ಎಲ್ಲಿ ಬೀಳಬೇಕು’ ಎಂಬುದು.

ಮುಂದಿನ ಮಂಜುದೀಪ

ಚಾಲಕರು ಫಾಗ್ ಲೈಟೆಂದು ಕರೆಯುವ ಮಂಜುದೀಪ ಈ ಪ್ರಶ್ನೆಗೆ ಕೊಟ್ಟ ಉತ್ತರ. ಅದರ ರಚನೆಯಲ್ಲಿ ಮೂರು ಗುಣಗಳುಂಟು.

ಮೊದಲನೆಯದಾಗಿ ಅದನ್ನು ತಗ್ಗಿನಲ್ಲಿ ಅಳವಡಿಸುತ್ತಾರೆ. ಕಾರುಗಳಲ್ಲಿ ಅದು ನೆಲದಿಂದ 25 ಸೆಂಟಿಮೀಟರಿಗಿಂತ ಕೆಳಗೂ 80 ಸೆಂಟಿಮೀಟರಿಗಿಂತ ಮೇಲೂ ಇರಬಾರದೆಂದು ವಿಶ್ವಸಂಸ್ಥೆಯ ವಾಹನ ನಿಯಮಾವಳಿ ವಿಧಿಸುತ್ತದೆ. ದೀಪವು ಕಣ್ಣಿನಿಂದ ಕೆಳಗೆ ಹೆಚ್ಚು ದೂರವಿದ್ದಷ್ಟೂ, ಬೆಳಗಿದ ಮಂಜಿನ ಪದರವು ನೋಟದ ಹಾದಿಗೆ ಅಡ್ಡ ಬರುವುದು ಕಡಿಮೆಯಾಗುತ್ತದೆ. ಎರಡನೆಯದಾಗಿ, ಅದರ ಬೆಳಕಿನ ಮೇಲಂಚು ಕತ್ತರಿಸಿದಂತೆ ಚಪ್ಪಟೆಯಾಗಿರುತ್ತದೆ. 50 ಸೆಂಟಿಮೀಟರ್ ಎತ್ತರದ ದೀಪದ ಮೇಲಂಚು ನೂರಕ್ಕೆ ಎರಡರಂತೆ ಕೆಳಕ್ಕೆ ಬಾಗಿದ್ದರೆ ಅದು 25 ಮೀಟರ್ ಮುಂದೆ ನೆಲವನ್ನು ಸೇರುತ್ತದೆ. ಕಣ್ಣಿನ ಮಟ್ಟದ ಮಂಜು ಕತ್ತಲಾಗಿಯೇ ಉಳಿಯುತ್ತದೆ, ತೆರೆ ಏಳುವುದಿಲ್ಲ. ಮೂರನೆಯದಾಗಿ, ಬೆಳಕು ಎಡಬಲಗಳಿಗೆ ಅಗಲವಾಗಿ ಹರಡುತ್ತದೆ. ರಸ್ತೆಯ ಅಂಚು, ಬಿಳಿಯ ಗೆರೆ, ಮೈಲಿಗಲ್ಲು ಇವು ಕಾಣುತ್ತವೆ.

ಈ ದೀಪದಿಂದ ದೂರದ ವಸ್ತು ಕಾಣುವುದೆಂದು ಭಾವಿಸಬಾರದು. ಹತ್ತಿರದ ನೆಲವನ್ನೂ ಅಂಚನ್ನೂ ತೋರಿಸಿ, ನಿಧಾನವಾಗಿ ಸಾಗುವವನಿಗೆ ದಾರಿ ತಪ್ಪದಂತೆ ಮಾಡುವುದಷ್ಟೇ ಅದರ ಕೆಲಸ. ವೇಗವಾಗಿ ಓಡಿಸಲು ಅದು ಕೊಟ್ಟ ಪರವಾನಗಿಯಲ್ಲ.

ನಿರ್ಮಲವಾದ ರಾತ್ರಿಯಲ್ಲಿ ಈ ದೀಪಗಳನ್ನು ಅಲಂಕಾರಕ್ಕಾಗಿ ಹೊತ್ತಿಸುವವರುಂಟು. ಇದರಿಂದ ಎರಡು ಕೇಡುಗಳಿವೆ. ಗುಂಡಿ ದಿಬ್ಬಗಳಲ್ಲಿ ವಾಹನ ಕುಲುಕಿದಾಗ, ನೆಲ ಒದ್ದೆಯಾಗಿ ಹೊಳೆಯುವಾಗ ಎದುರಿನವನ ಕಣ್ಣು ಕೋರೈಸುತ್ತದೆ. ಅಲ್ಲದೆ, ಹತ್ತಿರದ ನೆಲವು ಅತಿಯಾಗಿ ಬೆಳಗಿದರೆ ನಮ್ಮ ಕಣ್ಣಿನ ಪಾಪೆ ಅದಕ್ಕೆ ಹೊಂದಿಕೊಂಡು ಕಿರಿದಾಗಿ, ದೂರದ ಮಬ್ಬಿನಲ್ಲಿರುವುದು ಇನ್ನೂ ಕಾಣದಾಗುತ್ತದೆ.

ಹಳದಿ ಬಣ್ಣದ ನಂಬಿಕೆ

ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಎಂಬುದು ಬಹುಜನರ ನಂಬಿಕೆ. ವಿದ್ಯಾರ್ಥಿಗಳು ಇದಕ್ಕೆ ಆಧಾರವಾಗಿ ರೇಲೀ ಅವರ ನಿಯಮವನ್ನು ಹೇಳುತ್ತಾರೆ. 1871ರಲ್ಲಿ ರೇಲೀ ತೋರಿಸಿದಂತೆ, ಬೆಳಕಿನ ಅಲೆಯುದ್ದಕ್ಕಿಂತ ಬಹಳ ಸಣ್ಣದಾದ ಕಣಗಳು ನೀಲಿಯನ್ನು ಹೆಚ್ಚಾಗಿಯೂ ಕೆಂಪನ್ನು ಕಡಿಮೆಯಾಗಿಯೂ ಚದರಿಸುತ್ತವೆ. ಆಕಾಶ ನೀಲಿಯಾಗಿರುವುದು ಇದರಿಂದಲೇ. ಆದರೆ ನಿಯಮದ ಷರತ್ತನ್ನು ಮರೆಯಬಾರದು. ಕಾಣುವ ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರೊಮೀಟರ್, ನಮ್ಮ ಮಂಜಿನ ಹನಿಯ ವ್ಯಾಸ 20 ಮೈಕ್ರೊಮೀಟರ್. ಹನಿಯು ಅಲೆಗಿಂತ ಮೂವತ್ತು ನಲವತ್ತು ಪಟ್ಟು ದೊಡ್ಡದು. ಇಂಥ ಕಣಗಳ ವಿಷಯದಲ್ಲಿ 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ರೂಪಿಸಿದ ಸಿದ್ಧಾಂತವೇ ಅನ್ವಯಿಸುತ್ತದೆ. ಅದರಂತೆ ದೊಡ್ಡ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಸಮನಾಗಿ ಚದರಿಸುತ್ತವೆ.

ಇದಕ್ಕೆ ಸಾಕ್ಷಿ ನಮ್ಮ ಕಣ್ಣ ಮುಂದೆಯೇ ಇದೆ. ಮಂಜು ಬಿಳಿಯಾಗಿ ಕಾಣುತ್ತದೆ, ನೀಲಿಯಾಗಿ ಅಲ್ಲ. ದಟ್ಟ ಮಂಜಿನ ಮೂಲಕ ನೋಡಿದ ಸೂರ್ಯ ಬೆಳ್ಳಿಯ ತಟ್ಟೆಯಂತೆ ಕಾಣುತ್ತಾನೆ. ಹಳದಿ, ಕೆಂಪುಗಳು ಮಂಜನ್ನು ಸುಲಭವಾಗಿ ದಾಟುವಂತಿದ್ದರೆ ಅವನು ಕೆಂಪಾಗಿ ಕಾಣಬೇಕಿತ್ತು.

ಫ್ರಾನ್ಸ್ ದೇಶದಲ್ಲಿ 1936ರ ಕಾನೂನಿನಂತೆ ವಾಹನಗಳ ಮುಂದಿನ ದೀಪಗಳೆಲ್ಲ ಹಳದಿಯಾಗಿರಬೇಕಿತ್ತು. 1993ರಲ್ಲಿ ಆ ಕಡ್ಡಾಯ ನಿಂತಿತು. ಹಳದಿ ಬೆಳಕು ಕೆಲವರ ಕಣ್ಣಿಗೆ ಹಿತವೆನಿಸಬಹುದು. ಬಿಳಿಯ ಬೆಳಕಿನಿಂದ ನೀಲಿಯನ್ನು ಸೋಸಿ ತೆಗೆದಾಗ ಝಗಝಗಿಸುವಿಕೆ ತುಸು ತಗ್ಗಬಹುದು. ಆದರೆ ಮಂಜುದೀಪದ ಗುಣವಿರುವುದು ಅದರ ಎತ್ತರದಲ್ಲಿ, ಬೆಳಕಿನ ಆಕಾರದಲ್ಲಿ, ಬಣ್ಣದಲ್ಲಲ್ಲ. ಸಾಧಾರಣ ಹೆಡ್‌ಲೈಟಿಗೆ ಹಳದಿ ಕಾಗದವನ್ನು ಅಂಟಿಸಿದವನು ಮಂಜುದೀಪವನ್ನು ಪಡೆದಂತಾಗಲಿಲ್ಲ. ಇದ್ದ ಬೆಳಕಿನಲ್ಲಿ ಸ್ವಲ್ಪವನ್ನು ಕಳೆದುಕೊಂಡಂತಾಯಿತು.

ಹಿಂದಿನ ಕೆಂಪುದೀಪ

ನಾವು ನೋಡುವುದು ಒಂದು, ನಮ್ಮನ್ನು ಇತರರು ನೋಡುವುದು ಇನ್ನೊಂದು. ಮಂಜಿನ ಅಪಘಾತಗಳಲ್ಲಿ ಭೀಕರವಾದುದು ಹಿಂದಿನಿಂದ ಬಂದು ಗುದ್ದುವುದು. ಇದನ್ನು ತಪ್ಪಿಸಲು ಕೆಲವು ವಾಹನಗಳ ಹಿಂಬದಿಯಲ್ಲಿ ವಿಶೇಷವಾದ ಕೆಂಪು ಮಂಜುದೀಪವಿರುತ್ತದೆ. ಸಾಧಾರಣ ಹಿಂದೀಪದ ಪ್ರಖರತೆ ಕೆಲವೇ ಕ್ಯಾಂಡೆಲಾ. ಹಿಂದಿನ ಮಂಜುದೀಪಕ್ಕೆ ಅಂತರರಾಷ್ಟ್ರೀಯ ನಿಯಮವು 150ರಿಂದ 300 ಕ್ಯಾಂಡೆಲಾಗಳನ್ನು ವಿಧಿಸುತ್ತದೆ.

ದೀಪ ಮೂವತ್ತು ಪಟ್ಟು ಪ್ರಖರವಾದರೆ ಎಷ್ಟು ಪಟ್ಟು ದೂರದಿಂದ ಕಾಣಬೇಕು? ನಿರ್ಮಲವಾದ ಗಾಳಿಯಲ್ಲಿ ವರ್ಗವಿಲೋಮ ನಿಯಮದಂತೆ ಸುಮಾರು ಐದೂವರೆ ಪಟ್ಟು. ಮಂಜಿನಲ್ಲಿ ಹಾಗಾಗದು. ಫ್ರಾನ್ಸಿನ ದೀಪಸ್ತಂಭಗಳ ಇಂಜಿನಿಯರ್ ಅಲ್ಲಾರ್ 1876ರಲ್ಲಿ ಕೊಟ್ಟ ಸೂತ್ರದಲ್ಲಿ ವರ್ಗವಿಲೋಮದ ಜೊತೆಗೆ ಮಂಜಿನ ಘಾತೀಯ ಕ್ಷಯವೂ ಸೇರಿದೆ. ನಮ್ಮ 0.06 ಕ್ಷಯಾಂಕದ ಮಂಜಿನಲ್ಲಿ 5 ಕ್ಯಾಂಡೆಲಾದ ದೀಪ 100 ಮೀಟರಿನಿಂದ ಮಸುಕಾಗಿ ಕಾಣುತ್ತಿದ್ದರೆ, 150 ಕ್ಯಾಂಡೆಲಾದ ದೀಪ ಅಷ್ಟೇ ಮಸುಕಾಗಿ ಕಾಣುವುದು ಸುಮಾರು 145 ಮೀಟರಿನಿಂದ. ಮೂವತ್ತು ಪಟ್ಟು ಬೆಳಕಿಗೆ ದೊರೆತ ಲಾಭ 45 ಮೀಟರ್ ಮಾತ್ರ. ಆದರೆ ಹಿಂದಿನಿಂದ ಬರುವ ಲಾರಿಗೆ ಗಂಟೆಗೆ 80 ಕಿಲೋಮೀಟರ್ ವೇಗವಿದ್ದರೆ, ಆ 45 ಮೀಟರ್ ಎಂದರೆ ಎರಡು ಸೆಕೆಂಡುಗಳ ಕಾಲಾವಕಾಶ. ಬ್ರೇಕಿನ ಮೇಲೆ ಕಾಲಿಡಲು ಅಷ್ಟು ಕಾಲ ಬೇಕೇಬೇಕು.

ಈ ದೀಪದಿಂದ ಒಂದು ಅಪಾಯವೂ ಇದೆ. ಅದರ ಪ್ರಖರತೆ ಬ್ರೇಕ್ ದೀಪದ ಪ್ರಖರತೆಗೆ ಹತ್ತಿರವಾದುದು. ಮಂಜು ಹಗುರಾದ ಮೇಲೂ ಅದನ್ನು ಉರಿಸಿದರೆ ಹಿಂದಿನವನ ಕಣ್ಣು ಕೋರೈಸುವುದಲ್ಲದೆ, ನಿಜವಾಗಿ ಬ್ರೇಕ್ ಹಾಕಿದಾಗ ಅದು ಗೊತ್ತಾಗುವುದೂ ತಡವಾಗುತ್ತದೆ. ಸಾಲಾಗಿ ನಿಧಾನಕ್ಕೆ ಹೋಗುವಾಗ ಹಿಂದಿನವನು ನಮ್ಮನ್ನು ಕಂಡಿದ್ದಾನೆಂದು ಖಾತ್ರಿಯಾದರೆ ಅದನ್ನು ಆರಿಸುವುದೇ ಲೇಸು.

ಯಾವಾಗ ಹೊತ್ತಿಸಬೇಕು, ಯಾವಾಗ ಆರಿಸಬೇಕು

ಬ್ರಿಟನ್ನಿನ ರಸ್ತೆ ನಿಯಮದಂತೆ ದೃಶ್ಯದೂರ 100 ಮೀಟರಿಗಿಂತ ಕಡಿಮೆಯಾದಾಗ ಮಂಜುದೀಪಗಳನ್ನು ಬಳಸಬಹುದು. ದಾರಿ ನಿಚ್ಚಳವಾದೊಡನೆ ಆರಿಸಲೇಬೇಕು. ಜರ್ಮನಿಯಲ್ಲಿ ಹಿಂದಿನ ಮಂಜುದೀಪಕ್ಕೆ ಇನ್ನೂ ಬಿಗಿಯಾದ ಕಟ್ಟು: ಮಂಜಿನಲ್ಲಿ ದೃಶ್ಯದೂರ 50 ಮೀಟರಿಗಿಂತ ಕಡಿಮೆಯಿದ್ದರೆ ಮಾತ್ರ. ಆ ಸ್ಥಿತಿಯಲ್ಲಿ ಗಂಟೆಗೆ 50 ಕಿಲೋಮೀಟರಿಗಿಂತ ವೇಗವಾಗಿ ಹೋಗುವುದೂ ಅಲ್ಲಿ ನಿಷಿದ್ಧ. ನಮ್ಮ ದೇಶದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು, ರಾತ್ರಿಯಲ್ಲಷ್ಟೇ ಅಲ್ಲದೆ, 155 ಮೀಟರ್ ಮುಂದಿರುವ ಜನ ಹಾಗೂ ವಾಹನಗಳು ಸ್ಪಷ್ಟವಾಗಿ ಕಾಣದಷ್ಟು ಬೆಳಕು ಕಡಿಮೆಯಾದ ಯಾವುದೇ ಹೊತ್ತಿನಲ್ಲಿಯೂ ವಾಹನದ ದೀಪಗಳು ಉರಿಯಬೇಕೆಂದು ವಿಧಿಸುತ್ತವೆ.

ಇವುಗಳನ್ನೂ ಮೇಲಿನ ಭೌತಶಾಸ್ತ್ರವನ್ನೂ ಕೂಡಿಸಿ ನೋಡಿದರೆ ಹೀಗೆ ಹೇಳಬಹುದು:

1. ಮಂಜು ತೆಳುವಾಗಿರಲಿ ದಟ್ಟವಾಗಿರಲಿ, ಹಗಲಾಗಿರಲಿ ಇರುಳಾಗಿರಲಿ, ಹೆಡ್‌ಲೈಟನ್ನು ಡಿಮ್‌ನಲ್ಲಿ, ಎಂದರೆ ತಗ್ಗಿಸಿ, ಹೊತ್ತಿಸಬೇಕು. ಎತ್ತರದ ಬೆಳಕನ್ನು ಹಾಕಬಾರದು.

2. ದೃಶ್ಯದೂರ 100 ಮೀಟರಿಗಿಂತ ಕಡಿಮೆಯಾದಾಗ ಮುಂದಿನ ಮಂಜುದೀಪಗಳನ್ನು ಸೇರಿಸಬೇಕು. ತೀರ ದಟ್ಟವಾದರೆ ಹಿಂದಿನದನ್ನೂ.

3. ಮಂಜು ಕಳೆದೊಡನೆ ಎರಡನ್ನೂ ಆರಿಸಬೇಕು.

4. ಹೊಸ ಕಾರುಗಳಲ್ಲಿ ಇಂಜಿನ್ ಚಾಲೂ ಆದೊಡನೆ ಮುಂದುಗಡೆ ಹಗಲುದೀಪಗಳು ತಾವಾಗಿ ಉರಿಯುತ್ತವೆ. ಅಷ್ಟರಿಂದ ತೃಪ್ತರಾಗಬಾರದು, ಅನೇಕ ಕಾರುಗಳಲ್ಲಿ ಆಗ ಹಿಂಬದಿ ಕತ್ತಲಾಗಿಯೇ ಇರುತ್ತದೆ. ದೀಪದ ಸ್ವಿಚ್ಚನ್ನು ಕೈಯಿಂದಲೇ ತಿರುಗಿಸಬೇಕು. 2017ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಸದಾ ಉರಿಯುವಂತೆ ಮಾಡಲಾಗಿದೆಯಾದರೂ, ಅದು ಡಿಮ್‌ನಲ್ಲಿದೆಯೇ ಎಂಬುದನ್ನು ಸವಾರನೇ ನೋಡಿಕೊಳ್ಳಬೇಕು.

5. ಚಲಿಸುತ್ತಿರುವಾಗ ನಾಲ್ಕೂ ಇಂಡಿಕೇಟರುಗಳನ್ನು ಮಿನುಗಿಸುತ್ತ ಹೋಗಬಾರದು. ವಾಹನ ನಿಂತಿದೆಯೋ ಓಡುತ್ತಿದೆಯೋ, ಎಡಕ್ಕೆ ತಿರುಗುವುದೋ ಬಲಕ್ಕೋ ಎಂಬುದು ಹಿಂದಿನವನಿಗೆ ತಿಳಿಯದಾಗುತ್ತದೆ. ಅವು ನಿಂತ ವಾಹನಕ್ಕೆ ಮೀಸಲು.

ಟ್ರ್ಯಾಕ್ಟರಿನ ಟ್ರಾಲಿಗೂ ಎತ್ತಿನ ಗಾಡಿಗೂ ಹಿಂದೀಪವಿರುವುದು ಅಪರೂಪ. ಅವುಗಳ ಹಿಂದೆ ಕೆಂಪು ಪ್ರತಿಫಲಕಗಳನ್ನು ಅಂಟಿಸಿದರೆ ಅಲ್ಪ ವೆಚ್ಚದಲ್ಲಿ ಬಹು ಉಪಕಾರವಾಗುತ್ತದೆ. ಬಿದ್ದ ಬೆಳಕನ್ನು ಅದು ಬಂದ ದಿಕ್ಕಿಗೇ ತಿರುಗಿಸಿ ಕಳುಹಿಸುವಂತೆ ಅವುಗಳ ಸಣ್ಣ ಮೂಲೆಗಳನ್ನೋ ಗಾಜಿನ ಮಣಿಗಳನ್ನೋ ರೂಪಿಸಿರುತ್ತಾರೆ. ಆದರೆ ಕಬ್ಬಿನ ಗರಿಗಳು ಜೋತುಬಿದ್ದು ಅವುಗಳನ್ನು ಮುಚ್ಚದಂತೆ ನೋಡಿಕೊಳ್ಳಬೇಕು.

ದೀಪಕ್ಕಿಂತ ಮಿಗಿಲಾದುದು

ಇಷ್ಟಾದರೂ ಯಾವ ದೀಪವೂ ಮಂಜನ್ನು ಗೆಲ್ಲಲಾರದು. ಚಾಲಕನ ಕೈಯಲ್ಲಿರುವ ನಿಜವಾದ ಸಾಧನ ವೇಗ. ಭಾರತೀಯ ರಸ್ತೆ ಕಾಂಗ್ರೆಸ್ಸು ರಸ್ತೆಗಳ ವಿನ್ಯಾಸಕ್ಕಾಗಿ ವಾಹನ ನಿಲ್ಲಲು ಬೇಕಾದ ದೂರವನ್ನು ಗೊತ್ತುಪಡಿಸಿದೆ. ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ 20 ಮೀಟರ್. 40ಕ್ಕೆ 45 ಮೀಟರ್. 60ಕ್ಕೆ 80 ಮೀಟರ್. 80ಕ್ಕೆ 120 ಮೀಟರ್. 100ಕ್ಕೆ 180 ಮೀಟರ್. 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. ಅಪಾಯವನ್ನು ಕಂಡು ಬ್ರೇಕ್ ಒತ್ತುವುದಕ್ಕೆ 2.5 ಸೆಕೆಂಡ್ ಎಂದು ಹಿಡಿದರೆ ಅಷ್ಟರಲ್ಲಿ 28 ಮೀಟರ್ ಸಾಗಿಹೋಗುತ್ತದೆ. ಬ್ರೇಕ್ ಹಿಡಿದ ಮೇಲೆ ಮತ್ತೆ 17 ಮೀಟರ್.

ನಮ್ಮ ಮಂಜಿನ ದೃಶ್ಯದೂರ 50 ಮೀಟರ್. ಅದರಲ್ಲಿ 80 ಕಿಲೋಮೀಟರ್ ವೇಗದಿಂದ ಹೋಗುವವನು, ಮುಂದೆ ಕೆಟ್ಟು ನಿಂತ ಲಾರಿಯನ್ನು ಕಂಡಾಗ ಬ್ರೇಕ್ ಒತ್ತುವ ಮೊದಲೇ ಅದನ್ನು ತಲುಪಿರುತ್ತಾನೆ. ಆ ಮಂಜಿಗೆ ತಕ್ಕ ವೇಗ 40. ಒಂದೇ ವಾಹನ ಹಿಡಿಸುವ ಹಳ್ಳಿಯ ರಸ್ತೆಯಲ್ಲಿ ಎದುರಿನವನಿಗೂ ನಿಲ್ಲಲು ಜಾಗ ಬೇಕಾದುದರಿಂದ ಅದರ ಅರ್ಧ.

ದೃಶ್ಯದೂರವನ್ನು ಅಳೆಯಲು ಚಾಲಕನ ಬಳಿ ಯಂತ್ರವಿಲ್ಲ. ಆದರೆ ಮೇಲಿನ ಅಂಕಿಗಳಿಂದಲೇ ಒಂದು ಸುಲಭ ಸೂತ್ರವನ್ನು ಪಡೆಯಬಹುದು. 40 ಕಿಲೋಮೀಟರ್ ವೇಗದಲ್ಲಿ 45 ಮೀಟರ್ ದಾಟಲು 4 ಸೆಕೆಂಡು ಬೇಕು. 60ರ ವೇಗದಲ್ಲಿ 80 ಮೀಟರ್ ದಾಟಲು 5 ಸೆಕೆಂಡಿಗೆ ತುಸು ಕಡಿಮೆ. ಆದುದರಿಂದ ಮಂಜಿನೊಳಗಿಂದ ಮರವೋ ಕಲ್ಲೋ ಮೊದಲು ಮೂಡಿದ ಕ್ಷಣದಿಂದ ಅದು ನಮ್ಮ ಪಕ್ಕಕ್ಕೆ ಬರುವವರೆಗೆ ಸೆಕೆಂಡುಗಳನ್ನು ಎಣಿಸಬೇಕು. ಐದು ಎಣಿಸುವ ಮೊದಲೇ ಅದು ಬಂದರೆ ವೇಗ ಹೆಚ್ಚಾಯಿತು. ಎಣಿಕೆಗೆ ಉರಿಯುವ ದೀಪವನ್ನು ಆರಿಸಿಕೊಳ್ಳಬಾರದು. ದೀಪ ದೂರದಿಂದಲೇ ಕಾಣುತ್ತದೆ, ದೀಪವಿಲ್ಲದ ಗಾಡಿ ಕಾಣುವುದಿಲ್ಲ. ಬಸ್ಸಿನಲ್ಲಿ ಮುಂದೆ ಕುಳಿತ ವಿದ್ಯಾರ್ಥಿಯೂ ಈ ಲೆಕ್ಕವನ್ನು ಮಾಡಬಹುದು, ಅಗತ್ಯವಾದರೆ ಚಾಲಕರಿಗೆ ವಿನಯದಿಂದ ಹೇಳಬಹುದು.

ವೇಗದ ಬಗ್ಗೆ ಕಣ್ಣನ್ನು ನಂಬುವುದು ಸಲ್ಲದು. 1998ರಲ್ಲಿ ಸ್ನೋಡನ್ ಮತ್ತು ಸಂಗಡಿಗರು ಕೃತಕ ಚಾಲನಾ ಯಂತ್ರದಲ್ಲಿ ನಡೆಸಿದ ಪ್ರಯೋಗದಲ್ಲಿ, ನೋಟ ಮಸುಕಾದಾಗ ಜನರು ತಾವು ನಿಧಾನವಾಗಿ ಹೋಗುತ್ತಿರುವುದಾಗಿ ಭಾವಿಸಿ ವೇಗವನ್ನು ಹೆಚ್ಚಿಸಿದರು. 2012ರಲ್ಲಿ ಪ್ರೆಟ್ಟೊ ಮತ್ತು ಸಂಗಡಿಗರು, ಹತ್ತಿರದ್ದು ನಿಚ್ಚಳವಾಗಿಯೂ ದೂರದ್ದು ಮಸುಕಾಗಿಯೂ ಇರುವ ನಿಜವಾದ ಮಂಜನ್ನು ಹೋಲುವ ಏರ್ಪಾಡಿನಲ್ಲಿ ಇದಕ್ಕೆ ವಿರುದ್ಧವಾದ ಫಲವನ್ನು ಕಂಡರು. ಎರಡರಿಂದಲೂ ಒಂದು ಮಾತು ಸಿದ್ಧ: ಮಂಜಿನಲ್ಲಿ ವೇಗದ ಅರಿವು ದಾರಿ ತಪ್ಪುತ್ತದೆ. ವೇಗಮಾಪಕದ ಮುಳ್ಳನ್ನು ನೋಡುವುದೊಂದೇ ಉಪಾಯ. ಎತ್ತರದಲ್ಲಿ ಕುಳಿತ ಲಾರಿ ಚಾಲಕನಿಗೆ ಮತ್ತೊಂದು ಮೋಸವುಂಟು. ಬಯಲಿನ ಮಂಜು ಕೆಲವೊಮ್ಮೆ ಆಳವಿಲ್ಲದ ಪದರವಾಗಿರುತ್ತದೆ. ಅವನಿಗೆ ಅದರ ಮೇಲಿನಿಂದ ದೂರದ ಮರಗಳ ತುದಿ ಕಾಣುತ್ತದೆ, ಅದರೊಳಗೆ ಮುಳುಗಿದ ಸೈಕಲ್ಲು ಕಾಣುವುದಿಲ್ಲ.

ಏನೂ ಕಾಣದಷ್ಟು ಮಂಜು ಕವಿದರೆ ಪ್ರಯಾಣವನ್ನು ನಿಲ್ಲಿಸುವುದೇ ಜಾಣತನ. ಆದರೆ ರಸ್ತೆಯ ಮೇಲೆ ನಿಲ್ಲಿಸಬಾರದು. ಪೆಟ್ರೋಲ್ ಬಂಕಿನ ಅಂಗಳಕ್ಕೋ ಧಾಬಾದ ಬಯಲಿಗೋ ವಾಹನವನ್ನು ಪೂರ್ತಿಯಾಗಿ ಇಳಿಸಬೇಕು. ಕೆಟ್ಟು ನಿಂತರೆ ನಾಲ್ಕೂ ಇಂಡಿಕೇಟರುಗಳನ್ನು ಹಾಕಿ, ಹಿಂದೆ ಸಾಕಷ್ಟು ದೂರದಲ್ಲಿ ಎಚ್ಚರಿಕೆಯ ತ್ರಿಕೋನವನ್ನಿಟ್ಟು, ಜನರೆಲ್ಲ ಇಳಿದು ರಸ್ತೆಯಿಂದ ದೂರ ಹೋಗಬೇಕು.

ಮನೆಯಲ್ಲಿ ಮಾಡಬಹುದಾದ ಪ್ರಯೋಗ

ಅಗಲವಾದ ಗಾಜಿನ ಪಾತ್ರೆಯಲ್ಲಿ ನೀರು ತುಂಬಿ ಕೆಲವು ತೊಟ್ಟು ಹಾಲನ್ನು ಬೆರೆಸಿರಿ. ಕತ್ತಲೆ ಕೋಣೆಯಲ್ಲಿ, ಪಾತ್ರೆಯ ಹಿಂದೆ ಒಂದು ನಾಣ್ಯವನ್ನು ನಿಲ್ಲಿಸಿ, ಟಾರ್ಚನ್ನು ಕಣ್ಣಿನ ಪಕ್ಕದಲ್ಲಿಯೇ ಹಿಡಿದು ನೋಡಿರಿ. ಬಿಳಿಯ ತೆರೆ ಕಾಣುವುದು. ಈಗ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ಪಾತ್ರೆಯ ತಳದಲ್ಲಿ ಮಾತ್ರ ಹೋಗುವಂತೆ ಮೇಲ್ಭಾಗವನ್ನು ರಟ್ಟಿನಿಂದ ಮರೆಮಾಡಿರಿ. ತೆರೆ ತಗ್ಗಿ ನಾಣ್ಯದ ಕೆಳಭಾಗ ಹೆಚ್ಚು ಸ್ಪಷ್ಟವಾಗುವುದು. ಆದರೆ ಬಣ್ಣದ ವಿಷಯವನ್ನು ಈ ಪ್ರಯೋಗದಿಂದ ತೀರ್ಮಾನಿಸಬೇಡಿ. ಹಾಲಿನಲ್ಲಿ ಅಲೆಯುದ್ದಕ್ಕಿಂತ ಸಣ್ಣ ಕಣಗಳೂ ಇರುವುದರಿಂದ ಅದು ನೀಲಿಯ ಛಾಯೆಯನ್ನು ತೋರುತ್ತದೆ, ಮಂಜು ತೋರದು.

ಅಭ್ಯಾಸ

1. ಮೇಲಿನ ಮಂಜಿನ ನೀರೆಲ್ಲ 10 ಮೈಕ್ರೊಮೀಟರಿಗೆ ಬದಲಾಗಿ 5 ಮೈಕ್ರೊಮೀಟರ್ ತ್ರಿಜ್ಯದ ಹನಿಗಳಾದರೆ ದೃಶ್ಯದೂರವೆಷ್ಟು?

2. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸು, ಚಾಲಕನು ಬ್ರೇಕ್ ಒತ್ತುವ ಮುನ್ನಿನ 2.5 ಸೆಕೆಂಡುಗಳಲ್ಲಿ ಎಷ್ಟು ದೂರ ಸಾಗುತ್ತದೆ?

3. ಎರಡನೆಯ ಲೆಕ್ಕದ ಬಸ್ಸು ಮೊದಲನೆಯ ಲೆಕ್ಕದ ಮಂಜಿನಲ್ಲಿ ಹೋಗುತ್ತಿದ್ದರೆ, ಎದುರಿಗೆ ನಿಂತ ಟ್ರಾಲಿಯನ್ನು ಕಂಡು ಚಾಲಕನು ಏನು ಮಾಡಲು ಸಾಧ್ಯ?

ಮೊದಲನೆಯದರ ಉತ್ತರ ಸುಮಾರು 25 ಮೀಟರ್. ಎರಡನೆಯದು ಸುಮಾರು 42 ಮೀಟರ್. ಮೂರನೆಯ ಪ್ರಶ್ನೆಗೆ ಉತ್ತರವನ್ನು ಆ ಹೊತ್ತಿನಲ್ಲಿ ಹುಡುಕಿ ಫಲವಿಲ್ಲ. ಬಸ್ಸು ನಿಲ್ದಾಣದಿಂದ ಹೊರಡುವಾಗಲೇ ಅದನ್ನು ಕಂಡುಕೊಂಡಿರಬೇಕು.